ಮರದ ಸ್ಟಾಕಿನ ಸೆಮಿ ಆಟೊಮ್ಯಾಟಿಕ್ ರೈಫಲ್: ಮುಂಗಡ ಕೊಡುವ ಮೊದಲು

ಅಕ್ರೋಟ ಮರದ ಸ್ಟಾಕು (ಹೆಗಲಿಗೆ ಊರಿ ಕೈಯಲ್ಲಿ ಹಿಡಿಯುವ ಕಟ್ಟಿಗೆ ಭಾಗ), ಎಣ್ಣೆ ಉಜ್ಜಿ ತಂದ ಹೊಳಪು, ಹಿಡಿಯುವಲ್ಲಿ ಕೊರೆದ ಚೌಕಳಿ ಗೆರೆ. ಹೊರಗಿನಿಂದ ಅಜ್ಜನ ಕಾಲದ ಬೇಟೆ ಬಂದೂಕೇ. ಒಳಗಿನ ಯಂತ್ರ ಬೇರೆ: ಟ್ರಿಗರ್ ಎಳೆದಾಗೊಮ್ಮೆ ಒಂದು ಗುಂಡು ಹಾರುತ್ತದೆ, ಖಾಲಿ ತೋಟಾ ತಾನೇ ಹೊರಬೀಳುತ್ತದೆ, ಮುಂದಿನದು ತಾನೇ ಏರಿ ಕೂಡುತ್ತದೆ. ಅಮೆರಿಕದಲ್ಲಿ 1964ರಿಂದ ಸಿಗುವ ರೂಗರ್ 10/22, 1967ರಲ್ಲಿ ಬಂದ ಬ್ರೌನಿಂಗ್ ಬಿಎಆರ್ ಈ ಜಾತಿಯವು. ಅಲ್ಲಿರುವ ಮಗನೋ ಅಳಿಯನೋ ಫೋಟೊ ಕಳಿಸಿದ ಮೇಲೆ ಗದಗ, ಹಾವೇರಿ ಕಡೆಯ ಹೊಲದವರಿಗೂ ಇಂಥದೊಂದು ಇರಲಿ ಅನಿಸುವುದು ಸಹಜ.

ಕಾನೂನು ಕಟ್ಟಿಗೆ ನೋಡುವುದಿಲ್ಲ, ಯಂತ್ರ ನೋಡುತ್ತದೆ. 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಸೆಮಿ ಆಟೊಮ್ಯಾಟಿಕ್ ಆಯುಧಗಳನ್ನು, ಕೆಲವು ವಿನಾಯಿತಿ ಬಿಟ್ಟು, ಮೊದಲನೇ ವರ್ಗಕ್ಕೆ ಹಾಕಿದ್ದಾರೆ. ಆ ವರ್ಗದ ಲೈಸೆನ್ಸ್ ಕೊಡುವುದು ಕೇಂದ್ರ ಗೃಹ ಸಚಿವಾಲಯ, ಡಿಸಿ ಕಚೇರಿಯಲ್ಲ. ಬೆಳೆ ರಕ್ಷಣೆ ಅಂತ ಬರೆದುಕೊಟ್ಟ ಸಾಮಾನ್ಯ ಅರ್ಜಿಗೆ ಅದು ಸಿಗುವ ಮಾತಲ್ಲ. ಸೇನೆಯ .303 ಅಥವಾ 7.62 ಮಿಮೀ ತೋಟಾ ಹಾರಿಸಬಲ್ಲ ರೈಫಲ್ ಬೋಲ್ಟ್ ಆ್ಯಕ್ಷನ್ (ಗುಂಡಿಗೊಮ್ಮೆ ಕೈಯಿಂದ ಬೋಲ್ಟ್ ಎಳೆದು ತೋಟಾ ಏರಿಸುವಂಥದು) ಆಗಿದ್ದರೂ ಅದೇ ವರ್ಗ. 2019ರ ತಿದ್ದುಪಡಿಯ ನಂತರ ಇಂಥ ನಿಷೇಧಿತ ಆಯುಧ ಲೈಸೆನ್ಸಿಲ್ಲದೆ ಸಿಕ್ಕರೆ ಕನಿಷ್ಠ 7 ವರ್ಷ ಜೈಲು. ಹಾಗಾಗಿ ಯಾರಾದರೂ "ಹಳೇ ಸೆಮಿ ಐತ್ರೀ, ಕಾಗದ ಆಮ್ಯಾಲೆ ಮಾಡೂಣು" ಅಂದರೆ ಚಹಾ ಕುಡಿದು ಎದ್ದು ಬನ್ನಿ.

ಹಾಗಾದರೆ ಆ ಮರದ ಚೆಂದ ಎಲ್ಲಿ ಸಿಗುತ್ತದೆ? ಸರಕಾರಿ ಕಾರ್ಖಾನೆಯ .315 ಬೋಲ್ಟ್ ಆ್ಯಕ್ಷನ್ ರೈಫಲ್, .22 ಬೋಲ್ಟ್ ರೈಫಲ್, 12 ಬೋರಿನ ಜೋಡು ನಳಿಗೆ ಬಂದೂಕು. ಮೂರಕ್ಕೂ ಮರದ ಸ್ಟಾಕು. ಗದಗ, ಹಾವೇರಿಯವರು ಡಿಸಿ ಕಚೇರಿಯ ಶಸ್ತ್ರ ಶಾಖೆಯಲ್ಲಿ, ಹುಬ್ಬಳ್ಳಿ-ಧಾರವಾಡ ಅವಳಿ ನಗರದೊಳಗಿನವರು ಮೊದಲು ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವಿಚಾರಿಸಿ. ಒಬ್ಬರಿಗೆ ಎರಡೇ ಆಯುಧ, ಲೈಸೆನ್ಸಿನ ಅವಧಿ 5 ವರ್ಷ. ಅಂಗಡಿಗೆ ಮುಂಗಡ ಕೊಡುವುದು ಲೈಸೆನ್ಸ್ ಕೈಗೆ ಬಂದು, ಅದರಲ್ಲಿ ಬರೆದ ಬೋರ್, ಅಂದರೆ ನಳಿಗೆಯ ಅಳತೆ, ಓದಿ ನೋಡಿದ ಮೇಲೆ. ರೈಫಲ್ ಅಂತ ಬರೆದ ಲೈಸೆನ್ಸಿಗೆ ಜೋಡು ನಳಿಗೆ ಏರುವುದಿಲ್ಲ.

ಮೂರರಲ್ಲಿ ಯಾವುದು ಅನ್ನುವುದನ್ನು ನಿಮ್ಮ ಹೊಲದ ನೆಲ ಹೇಳಲಿ. ನವಲಗುಂದ, ರೋಣದ ಎರಿ ಹೊಲದಲ್ಲಿ ಕಣ್ಣು ಹಾಯುವ ತನಕ ಗುಡ್ಡವಿಲ್ಲ, ಗುಂಡು ತಡೆಯುವ ದಿಬ್ಬವಿಲ್ಲ. ಸಣ್ಣದು ಅನಿಸುವ .22 ಗುಂಡು ಕೂಡ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು, .315 ಅದಕ್ಕೂ ದೂರ. ನಡುವೆ ದಾರಿ ಇದೆ, ಕಳೆ ತೆಗೆಯುವ ಹೆಣ್ಣುಮಕ್ಕಳಿದ್ದಾರೆ. 12 ಬೋರಿನ ಸಣ್ಣ ಚರೆ ಸುಮಾರು 300 ಮೀಟರಿನೊಳಗೆ ನೆಲ ಕಾಣುತ್ತದೆ. ಬಯಲು ಸೀಮೆಯ ಹೊಲಕ್ಕೆ ಜೋಡು ನಳಿಗೆಯೇ ಸರಿ ಎಂಬುದು ನಮ್ಮ ಲೆಕ್ಕ. ರೈಫಲ್ ಬೇಕೆಂದರೆ ಅದು ಶೂಟಿಂಗ್ ರೇಂಜಿಗೆ ಇರಲಿ.

ಇನ್ನೊಂದು ಮಾತು. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಪರವಾನಗಿಯಲ್ಲ. ಮೆಕ್ಕೆಜೋಳ ಮೇಯುವ ಚಿಗರಿ (ಕೃಷ್ಣಮೃಗ) 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಹುಬ್ಬಳ್ಳಿಯಲ್ಲಿ ಬಸ್ಸಿಗೆ ಅದರ ಹೆಸರು, ರಾಣೆಬೆನ್ನೂರಿನಲ್ಲಿ ಅದಕ್ಕೊಂದು ಅಭಯಾರಣ್ಯ. ಕಾಡುಹಂದಿಯ ಮೇಲೂ ಗುಂಡು ಹಾರಿಸಬೇಕೆಂದರೆ ಕಾಯ್ದೆಯ 11ನೇ ಕಲಮಿನಡಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು ಬೇಕು.

ಈಗ ಕಟ್ಟಿಗೆಗೆ ಬರೋಣ. ಕೈಗೆತ್ತಿಕೊಂಡ ಕೂಡಲೇ ನಳಿಗೆ ನೆಲಕ್ಕೆ ತಿರುಗಿಸಿ, ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ತೆಗೆದು, ಬೋಲ್ಟ್ ಹಿಂದೆಳೆದು, ತೋಟಾ ಕೂಡುವ ಮನೆಯೊಳಗೆ ಕಣ್ಣಿಂದ ನೋಡಿ, ಕಿರುಬೆರಳು ತೂರಿಸಿ ನೋಡಿ. ಜೋಡು ನಳಿಗೆಯಾದರೆ ಮಡಚಿ ಎರಡೂ ಕಿಂಡಿ ನೋಡಿ. ಮ್ಯಾಗಜಿನ್ ತೆಗೆದರೂ ಒಂದು ತೋಟಾ ಒಳಗೇ ಉಳಿದಿರಬಹುದು. ಸೆಮಿಯಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲೇ: ಮ್ಯಾಗಜಿನ್ ತೆಗೆಯದೆ ಮೊದಲು ಬೋಲ್ಟ್ ಎಳೆದರೆ ಒಂದು ಹೊರಬಿದ್ದು ಇನ್ನೊಂದು ಒಳಹೋಗಿ ಕೂತಿರುತ್ತದೆ. ಅಮೆರಿಕಕ್ಕೆ ಹೋದಾಗ ಅಳಿಯನ ರೈಫಲ್ ಹಿಡಿಯುವವರು ಇದನ್ನು ನೆನಪಿಡಿ.

ಮೊದಲು ಉದ್ದ. ಮೊಣಕೈ ಲಂಬವಾಗಿ ಮಡಚಿ, ಸ್ಟಾಕಿನ ಹಿಂತುದಿಯನ್ನು (ಬಟ್ಟು) ಅದರ ಮಡಿಕೆಗೆ ಒತ್ತಿ ಹಿಡಿಯಿರಿ. ತೋರುಬೆರಳಿನ ತುದಿಯ ಮೆತ್ತೆ ಟ್ರಿಗರ್ ಮೇಲೆ ಬಂದರೆ ಅಳತೆ ಹತ್ತಿರವಿದೆ. ವಿದೇಶಿ ಸ್ಟಾಕುಗಳು ಟ್ರಿಗರಿನಿಂದ ಬಟ್ಟಿನ ನಡುವಿಗೆ ಹದಿಮೂರೂವರೆಯಿಂದ 14 ಇಂಚು ಇರುತ್ತವೆ. ಐದೂವರೆ ಅಡಿ ಆಳಿಗೆ 13 ಇಂಚಿನ ಆಸುಪಾಸು ಸಾಕು. ಹೆಗಲಿಗೆ ಏರಿಸಿ ಗಲ್ಲ ಊರಿದಾಗ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳು ಸಂದು ಉಳಿಯಬೇಕು. ಕಡಿಮೆಯಾದರೆ ಒದೆತಕ್ಕೆ ಹೆಬ್ಬೆರಳು ಮೂಗಿಗೆ ಗುದ್ದುತ್ತದೆ.

ಹಳೆಯ ಬೇಟೆ ಸ್ಟಾಕುಗಳ ಬೆನ್ನು ಹಿಂದಕ್ಕೆ ಇಳಿದಿರುತ್ತದೆ, ಗುರಿ ನೋಡುವ ಕಬ್ಬಿಣದ ಸೈಟಿಗೆ ಅಂತ ಮಾಡಿದ್ದು. ಅದರ ಮೇಲೆ ದುರ್ಬೀನು ಕೂಡಿಸಿದರೆ ಕಣ್ಣು ಕೆಳಗೆ ಉಳಿಯುತ್ತದೆ, ಗಲ್ಲ ಎತ್ತಿ ನೋಡಬೇಕಾಗುತ್ತದೆ, ಪ್ರತಿ ಸಲವೂ ತಲೆ ಬೇರೆ ಕಡೆ ನಿಂತು ಗುರಿ ಹರಡುತ್ತದೆ. ಗಲ್ಲದಡಿ ಚರ್ಮದ ಪಟ್ಟಿ ಕಟ್ಟಿ ಎತ್ತರಿಸಿದರೆ ಸಾಕು, ಕಟ್ಟಿಗೆ ಕೊರೆಯುವ ಕೆಲಸ ಬೇಡ.

ಸೆಕೆಂಡ್ ಹ್ಯಾಂಡ್ ತೊಗೊಳ್ಳುವುದಾದರೆ ಹಿಡಿಯುವ ಸಪೂರ ಜಾಗದಲ್ಲಿ ಮರದ ಎಳೆ ಉದ್ದಕ್ಕೆ ಹರಿದಿದೆಯೋ ಅಡ್ಡ ದಾಟಿದೆಯೋ ನೋಡಿ. ಅಡ್ಡ ಎಳೆಯದು ಒಂದು ದಿನ ಅಲ್ಲೇ ಮುರಿಯುತ್ತದೆ. ಕಬ್ಬಿಣ ಮುಗಿದು ಕಟ್ಟಿಗೆ ಶುರುವಾಗುವ ಹಿಂತುದಿಯಲ್ಲಿ ಕೂದಲೆಳೆ ಸೀಳಿದೆಯೇ ಅಂತ ಉಗುರು ಆಡಿಸಿ. ಅಲ್ಲಿ ಕಟ್ಟಿಗೆ ಕಪ್ಪಾಗಿ ಮೆತ್ತಗಾಗಿದ್ದರೆ ವರ್ಷಗಟ್ಟಲೆ ನಳಿಗೆ ಮೇಲಾಗಿ ನಿಲ್ಲಿಸಿ, ಒಳಗಿನ ಎಣ್ಣೆ ಇಳಿದು ಕುಡಿದಿದೆ ಎಂದರ್ಥ. ಅಂಥ ಮರ ಸ್ಕ್ರೂ ಹಿಡಿಯುವುದಿಲ್ಲ.

ಧಾರವಾಡದ ಜಿಟಿಜಿಟಿ ಮಳೆಗೆ ಕಟ್ಟಿಗೆ ಉಬ್ಬುತ್ತದೆ, ಗದಗದ ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ಮಳೆಗಾಲದಲ್ಲಿ ಬಿಗಿ ಮಾಡಿದ ಸ್ಕ್ರೂ ಬೇಸಿಗೆಗೆ ಸಡಿಲ, ಗುರಿ ಸರಿಯುತ್ತದೆ. ಜನ ದುರ್ಬೀನನ್ನು ಬೈಯುತ್ತಾರೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಸ್ಕ್ರೂ ನೋಡಿ: ಮುಂದಿನದು ಮೊದಲು, ಹಿಂದಿನದು ಆಮೇಲೆ. ಬರೀ ಕಟ್ಟಿಗೆಗೆ ಸುಮಾರು 4 ನ್ಯೂಟನ್ ಮೀಟರ್ ಬಿಗಿ ಸಾಕು, ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಪ್ರಮಾಣ. ಇನ್ನೊಂದು ತಿರುವು ಹಾಕಿದರೆ ಕಟ್ಟಿಗೆ ನಜ್ಜುಗುಜ್ಜಾಗುತ್ತದೆ.

ಎಣ್ಣೆ ಹಚ್ಚಲು ದೂರ ಹೋಗಬೇಕಿಲ್ಲ, ನಮ್ಮದೇ ಅಗಸಿ ಎಣ್ಣೆ. ಗಾಣದ ಹಸಿ ಎಣ್ಣೆ ವಾರವಾದರೂ ಅಂಟಂಟಾಗಿಯೇ ಇರುತ್ತದೆ, ಆದ್ದರಿಂದ ಪೇಂಟ್ ಅಂಗಡಿಯ ಬೇಗ ಒಣಗುವ ಅಗಸಿ ಎಣ್ಣೆ ತನ್ನಿ. ಸ್ಟಾಕ್ ಬಿಚ್ಚಿ 220, 320, 400 ನಂಬರಿನ ಸ್ಯಾಂಡ್ ಪೇಪರಿನಿಂದ ಎಳೆಯ ಉದ್ದಕ್ಕೇ ಉಜ್ಜಿ. ಒದ್ದೆ ಬಟ್ಟೆ ಆಡಿಸಿದರೆ ನವಿರು ಏಳುತ್ತದೆ. ಒಣಗಿದ ಮೇಲೆ 400ರಿಂದ ಅದನ್ನು ತೆಗೆಯಿರಿ. ಹತ್ತು ಹನಿ ಎಣ್ಣೆ, ಅಂಗೈಯಿಂದ ಬಿಸಿಯಾಗುವ ತನಕ ತಿಕ್ಕಿ, 15 ನಿಮಿಷ ಬಿಟ್ಟು ಉಳಿದದ್ದು ಒರೆಸಿ, 24 ಗಂಟೆ ತೂಗುಹಾಕಿ. ಹೀಗೆ ಐದಾರು ಸಲ. ನಳಿಗೆ ಕೂಡುವ ತೋಡು, ಬಟ್ ತಟ್ಟೆಯಡಿಯ ಅಡ್ಡಕೊಯ್ತ, ಇವೆರಡನ್ನು ಹೆಚ್ಚಿನವರು ಮರೆಯುತ್ತಾರೆ. ನೀರು ಒಳಹೋಗುವುದು ಅಲ್ಲಿಂದಲೇ. ಕೆಲಸಕ್ಕೆ ಫೆಬ್ರುವರಿ, ಮಾರ್ಚ್ ಒಳ್ಳೆಯದು. ಶ್ರಾವಣದಲ್ಲಿ ಒಂದು ಪದರ ಒಣಗಲು ಮೂರು ದಿನ ಬೇಕಾದೀತು. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ. ಒಣಗುವಾಗ ತಾನೇ ಕಾದು ಬೆಂಕಿ ಹಿಡಿಯುತ್ತದೆ. ಹೊರಗೆ ಬಿಡಿಸಿ ಹರವಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿ.

ಸೀಳು ದೊಡ್ಡದಾಗಿ ಬಡಿಗೇರರ ಕೈಗೆ ಕೊಡಬೇಕಾದರೆ ಕಟ್ಟಿಗೆ ಮಾತ್ರ ಬಿಚ್ಚಿ ಕೊಡಿ. ಇಡೀ ಬಂದೂಕು ಅವರ ಅಂಗಡಿಯಲ್ಲಿ ಒಂದು ರಾತ್ರಿ ಇದ್ದರೂ ಲೈಸೆನ್ಸಿಲ್ಲದವರ ಕೈಯಲ್ಲಿ ಆಯುಧ ಸಿಕ್ಕ ಹಾಗೆ. ನಳಿಗೆ ಕತ್ತರಿಸಿ ಕುಳ್ಳ ಮಾಡಿಸುವ ಮಾತಂತೂ ಎತ್ತಲೇ ಬೇಡಿ, ಅದಕ್ಕೆ ಬೇರೆ ಕಲಮಿದೆ.

ಚುನಾವಣೆ ಬಂದರೆ ಬಂದೂಕು ಸಾಮಾನ್ಯವಾಗಿ ಠಾಣೆಗೋ ಲೈಸೆನ್ಸುಳ್ಳ ಡೀಲರಿಗೋ ಹೋಗುತ್ತದೆ, ತಿಂಗಳು ಮೀರಿ ಅಲ್ಲೇ ಇರುತ್ತದೆ. ಕೊಡುವ ಹಿಂದಿನ ದಿನ ನಳಿಗೆಯೊಳಗೆ ಎಣ್ಣೆಯ ಬಟ್ಟೆ ಎಳೆಯಿರಿ, ಸ್ಟಾಕಿಗೆ ಮೇಣ ಉಜ್ಜಿ, ನಾಲ್ಕೂ ಕಡೆಯ ಫೋಟೊ ತೆಗೆಯಿರಿ. ರಸೀದಿಯಲ್ಲಿ ನಂಬರಿನ ಜತೆ ಆಗಲೇ ಇರುವ ಗೀರು, ಸೀಳು ಬರೆಸಿಕೊಳ್ಳಿ. ಮರಳಿ ತಂದ ದಿನವೇ ಸ್ಟಾಕ್ ಬಿಚ್ಚಿ, ಕಟ್ಟಿಗೆ ಮುಟ್ಟುವ ಕಬ್ಬಿಣದ ಮಗ್ಗುಲಲ್ಲಿ ತುಕ್ಕು ನೋಡಿ.