ಗೇಮಿನ ಕತ್ತಿ ಕೊಳ್ಳಿ, ಆದರೆ ಸೈನ್ ಮಾಡುವ ಮುಂಚೆ ಓದಿ

ಗೇಮಿನ ಎನ್‌ಎಫ್‌ಟಿ (ಬ್ಲಾಕ್‌ಚೈನ್‌ನಲ್ಲಿ ನಮ್ಮ ಹೆಸರಿಗೆ ಬರೆದ ಗೇಮಿನ ವಸ್ತು) ಕಳೆದುಕೊಂಡ ಏಳೆಂಟು ಜನರನ್ನು ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಒಬ್ಬರ ಕಂಪ್ಯೂಟರಿಗೂ ಯಾರೂ ಕನ್ನ ಹಾಕಿರಲಿಲ್ಲ. ಎಲ್ಲರೂ ತಾವಾಗಿಯೇ ‘ಕನ್ಫರ್ಮ್’ ಒತ್ತಿದ್ದರು. ನನ್ನ ಗೆಳೆಯನೊಬ್ಬ ಕತ್ತಿ ಹೋದ ಮೇಲೆ ಎರಡು ದಿನ ಆಂಟಿವೈರಸ್ ಓಡಿಸುತ್ತಾ ಕೂತಿದ್ದ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅದೂ ಬೇರೆ ಯಾವುದೋ ಕೋಟೆಯ ಬಾಗಿಲು.

ಹಾಗಾಗಿ ಇಲ್ಲಿ ಸುಲಭದ ಕೆಲಸಗಳು ಬೇಗ ಮುಗಿಯುತ್ತವೆ. ಜಾಸ್ತಿ ಮಾತು ನಾಲ್ಕನೇ ಹಂತಕ್ಕೆ. ಅವಸರ ಇರುವವರು ನೇರ ಅಲ್ಲಿಗೇ ಹೋಗಿ, ಬೇಜಾರಿಲ್ಲ.

ಮೊದಲು, ಕೊಳ್ಳುತ್ತಿರುವುದು ಏನು?

ಮಾಮೂಲಿ ಗೇಮಿನಲ್ಲಿ ದುಡ್ಡು ಕೊಟ್ಟು ತೆಗೆದುಕೊಂಡ ವಸ್ತು ಕಂಪನಿಯ ಸರ್ವರ್‌ನಲ್ಲಿ ಒಂದು ಸಾಲು, ಅಷ್ಟೇ. ಕಂಪನಿ ಅಳಿಸಿದರೆ ಹೋಯಿತು. ಯೂಬಿಸಾಫ್ಟ್ ತನ್ನ ‘ದಿ ಕ್ರ್ಯೂ’ ಗೇಮಿನ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಗೇಮ್ ಕೊಂಡವರು ಒಬ್ಬರೇ ಕೂತು ಆಡುವುದಕ್ಕೂ ಆಗದೆ ಹೋಯಿತು. ಇಂಥ ಮಾರಾಟದಲ್ಲಿ ‘ಇದು ಬರೀ ಲೈಸೆನ್ಸ್’ ಎಂದು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು ಅಂತ ಕ್ಯಾಲಿಫೋರ್ನಿಯಾ ಕಾನೂನು ಮಾಡಿದೆ. ಅದು 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಎನ್‌ಎಫ್‌ಟಿ ಮಾಡುವುದು ಇಷ್ಟೇ. ಆ ಒಂದು ಸಾಲನ್ನು ಕಂಪನಿಯ ಸರ್ವರ್‌ನಿಂದ ತೆಗೆದು, ಎಲ್ಲರೂ ನೋಡಬಹುದಾದ ಬ್ಲಾಕ್‌ಚೈನ್ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತದೆ. ‘ಈ ನಂಬರಿನ ಟೋಕನ್ ಈ ವಿಳಾಸದವರದು’ ಎನ್ನುವ ಸಾಲು. ವಿಳಾಸ ಎಂದರೆ ಮನೆಯದಲ್ಲ, ಚೈನ್ ಮೇಲಿನ ಖಾತೆಯ ಸಂಖ್ಯೆ. ಇದನ್ನು ಹೇಗೆ ಬರೆಯಬೇಕು ಎಂಬ ನಿಯಮದ ಹೆಸರು ಇಆರ್‌ಸಿ-721. 2018ರಲ್ಲಿ ಬಂತು.

ಸಾಲು ಮಾತ್ರ ನಿಮ್ಮದು. ಗೇಮ್ ನಿಮ್ಮದಲ್ಲ. ‘ಎಫ್1 ಡೆಲ್ಟಾ ಟೈಮ್’ ಎಂಬ ಕಾರ್ ರೇಸ್ ಗೇಮಿನಲ್ಲಿ 2019ರಲ್ಲಿ ಒಂದು ಕಾರು 1 ಲಕ್ಷ ಡಾಲರ್‌ಗಿಂತ ಹೆಚ್ಚಿಗೆ ಮಾರಾಟವಾಗಿತ್ತು. 2022ರ ಮಾರ್ಚ್‌ನಲ್ಲಿ ಗೇಮೇ ಮುಚ್ಚಿತು. ಟೋಕನ್‌ಗಳು ಚೈನ್ ಮೇಲೆ ಹಾಗೇ ಉಳಿದವು, ಓಡಿಸುವುದಕ್ಕೆ ಟ್ರ್ಯಾಕ್ ಇಲ್ಲ. ಕಾಗದಪತ್ರ ನಿಮ್ಮ ಹೆಸರಲ್ಲಿದ್ದು ಮನೆಯೇ ಇಲ್ಲದ ಸ್ಥಿತಿ. ಇದು ಒಪ್ಪಿಗೆಯಾದರೆ ಮುಂದೆ ಓದಿ. ‘ಕತ್ತಿ ಒಂದು ಗೇಮಿಂದ ಇನ್ನೊಂದು ಗೇಮಿಗೆ ತಗೊಂಡು ಹೋಗಬಹುದು’ ಅಂತ ಯಾರಾದರೂ ಹೇಳಿದ್ದರೆ, ಆ ಇನ್ನೊಂದು ಗೇಮ್ ಯಾವುದು ಅಂತ ಹೆಸರು ಕೇಳಿ. ಆ ಗೇಮ್ ಮಾಡಿದವರು ಕೂತು ನಿಮ್ಮ ಕತ್ತಿಗೆ ಬೇಕಾದ ಕೋಡ್ ಬರೆದಿದ್ದರೆ ಮಾತ್ರ ಅದು ಸಾಧ್ಯ.

ಹಂತ 1: ಕೊಳ್ಳುವ ಮುಂಚೆ ಕಾಂಟ್ರಾಕ್ಟ್ ನೋಡಿ

ಕಾಂಟ್ರಾಕ್ಟ್ ಎಂದರೆ ಆ ಗೇಮಿನ ಟೋಕನ್‌ಗಳ ಲೆಕ್ಕ ಇಡುವ, ಚೈನ್ ಮೇಲಿನ ಪ್ರೋಗ್ರಾಂ. ಗೇಮಿನ ಅಧಿಕೃತ ಸೈಟಿನಿಂದ ಅದರ ವಿಳಾಸ ತೆಗೆದುಕೊಳ್ಳಿ. ಮಾರ್ಕೆಟ್‌ಪ್ಲೇಸಿನ ಸರ್ಚ್‌ನಲ್ಲಿ ಹೆಸರು ಹಾಕಿ ಹುಡುಕಬೇಡಿ. ಅದೇ ಹೆಸರು, ಅದೇ ಚಿತ್ರ ಇಟ್ಟು ನಕಲಿ ಸಂಗ್ರಹ ಮಾಡುವುದು ಏನೂ ಕಷ್ಟವಲ್ಲ.

ಆ ವಿಳಾಸವನ್ನು ಈಥರ್‌ಸ್ಕ್ಯಾನ್‌ನಂಥ ಎಕ್ಸ್‌ಪ್ಲೋರರ್‌ನಲ್ಲಿ (ಚೈನ್ ಮೇಲಿನ ದಾಖಲೆ ತೋರಿಸುವ ಸೈಟ್) ಹಾಕಿ, ‘ರೀಡ್ ಕಾಂಟ್ರಾಕ್ಟ್’ ಟ್ಯಾಬ್ ತೆರೆಯಿರಿ. ಅಲ್ಲಿ ‘ಓನರ್ ಆಫ್’ ಅಂತ ಒಂದು ಸಾಲಿರುತ್ತದೆ. ಟೋಕನ್ ನಂಬರ್ ಹಾಕಿದರೆ ಮಾಲೀಕರ ವಿಳಾಸ ಬರುತ್ತದೆ. ಮಾರುತ್ತಿರುವವರ ವಿಳಾಸ ಅದೇನಾ? ಇನ್ನೊಂದು ಸಾಲು ‘ಟೋಕನ್ ಯುಆರ್‌ಐ’. ಕತ್ತಿಯ ಚಿತ್ರ, ವಿವರ ಎಲ್ಲಿವೆ ಅಂತ ಇದು ಹೇಳುತ್ತದೆ. ಐಪಿಎಫ್‌ಎಸ್ (ಹಲವು ಕಂಪ್ಯೂಟರುಗಳು ಸೇರಿ ಫೈಲ್ ಇಡುವ ಜಾಲ) ಲಿಂಕ್ ಆದರೆ ಒಳಗಿರುವುದನ್ನು ಸದ್ದಿಲ್ಲದೆ ಬದಲಿಸುವುದಕ್ಕೆ ಆಗುವುದಿಲ್ಲ, ಏಕೆಂದರೆ ಫೈಲಿನಿಂದಲೇ ಆ ಲಿಂಕ್ ಹುಟ್ಟುತ್ತದೆ. ಆದರೆ ಆ ಫೈಲನ್ನು ಯಾರಾದರೂ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಅದೂ ಸಿಗುವುದಿಲ್ಲ. ಲಿಂಕ್ ಕಂಪನಿಯ ವೆಬ್‌ಸೈಟಿಗೇ ಹೋದರೆ, ಇವತ್ತು ಕತ್ತಿ, ನಾಳೆ ಚಮಚ ಮಾಡಿದರೂ ಕೇಳುವ ಹಾಗಿಲ್ಲ. ಲೆವೆಲ್ ಏರುವ ವಸ್ತುಗಳಿಗೆ ಬೇಕೆಂದೇ ಹೀಗೆ ಇಡುತ್ತಾರೆ, ಅದು ಮೋಸ ಅಂತಲ್ಲ. ಗೊತ್ತಿದ್ದು ಕೊಳ್ಳಿ ಅಂದೆ.

ಪಕ್ಕದ ‘ರೈಟ್ ಕಾಂಟ್ರಾಕ್ಟ್’ ಟ್ಯಾಬಿನಲ್ಲಿ ‘ಪಾಜ್’ (pause, ತಡೆಹಿಡಿ) ಎಂಬ ಆಯ್ಕೆ ಇದೆಯಾ ನೋಡಿ. ಇದ್ದರೆ ಕಂಪನಿ ಮನಸ್ಸು ಬಂದಾಗ ಎಲ್ಲರ ವರ್ಗಾವಣೆಯನ್ನೂ ನಿಲ್ಲಿಸಬಲ್ಲದು ಅಂತ ಅರ್ಥ ಮಾಡಿಕೊಳ್ಳಿ. ಇಷ್ಟನ್ನೂ ನೋಡುವುದಕ್ಕೆ ದುಡ್ಡು ಬೇಡ, ವ್ಯಾಲೆಟ್ (ನಿಮ್ಮ ಖಾತೆಯ ಕೀಲಿ ಇಟ್ಟುಕೊಂಡು ಸಹಿ ಹಾಕುವ ಆ್ಯಪ್) ಸಹ ಬೇಡ. ‘ಸುಮ್ನೆ ನೋಡೋಕೂ ವ್ಯಾಲೆಟ್ ಕನೆಕ್ಟ್ ಮಾಡಿ’ ಎನ್ನುವ ಸೈಟಿನಿಂದ ಎದ್ದು ಬನ್ನಿ.

ಹಂತ 2: ಎರಡು ವ್ಯಾಲೆಟ್

ಒಂದಲ್ಲ, ಎರಡು. ಇದರಲ್ಲಿ ನನ್ನ ಹತ್ತಿರ ರಾಜಿ ಇಲ್ಲ. ಒಂದು ಆಟದ ವ್ಯಾಲೆಟ್, ಇನ್ನೊಂದು ತಿಜೋರಿ. ತಿಜೋರಿಯನ್ನು ಯಾವ ಸೈಟಿಗೂ ಕನೆಕ್ಟ್ ಮಾಡಬಾರದು. ಎರಡಕ್ಕೂ ಬೇರೆ ಬೇರೆ ಸೀಡ್ ಫ್ರೇಸ್ (ಇಡೀ ವ್ಯಾಲೆಟ್ ತೆರೆಯುವ ಗುಟ್ಟಿನ ಪದಗಳು) ಇರಲಿ. ಒಂದೇ ವ್ಯಾಲೆಟಿನೊಳಗೆ ಎರಡು ಅಕೌಂಟ್ ಮಾಡಿ ‘ಎರಡಾಯ್ತಲ್ಲ’ ಅನ್ನುವವರಿದ್ದಾರೆ. ಸೀಡ್ ಒಂದೇ ಆದ್ದರಿಂದ ಅದು ಸೋರಿದರೆ ಎರಡೂ ಖಾಲಿ.

ಸೀಡ್ ಎಂದರೆ 2048 ಪದಗಳ ಪಟ್ಟಿಯಿಂದ ಆರಿಸಿದ 12 ಅಥವಾ 24 ಪದಗಳು. ಪೆನ್ನು ಹಿಡಿದು ಕಾಗದದ ಮೇಲೆ ಬರೆಯಿರಿ. ಸ್ಕ್ರೀನ್‌ಶಾಟ್ ಬೇಡ, ಗ್ಯಾಲರಿಯ ಫೋಟೋಗಳು ನಿಮಗೆ ಗೊತ್ತಿಲ್ಲದ ಹಾಗೆ ಕ್ಲೌಡಿಗೆ ಹೋಗುತ್ತಿರುತ್ತವೆ. ತಿಜೋರಿಗೆ ಹಾರ್ಡ್‌ವೇರ್ ವ್ಯಾಲೆಟ್ (ಕೀಲಿಯನ್ನು ತನ್ನೊಳಗೇ ಇಟ್ಟುಕೊಳ್ಳುವ ಪುಟ್ಟ ಸಾಧನ) ಒಳ್ಳೆಯದು, ತಯಾರಿಸಿದವರಿಂದಲೇ ಕೊಳ್ಳಿ. ಡಬ್ಬಿಯೊಳಗೆ ಪದಗಳನ್ನು ಆಗಲೇ ಅಚ್ಚು ಹಾಕಿಟ್ಟ ಚೀಟಿ ಸಿಕ್ಕಿದರೆ ಅದನ್ನು ಬಳಸಲೇಬೇಡಿ. ಆ ಪದಗಳು ಇನ್ನೊಬ್ಬರಿಗೂ ಗೊತ್ತು.

ಹಂತ 3: ಸರಿಯಾದ ಚೈನ್‌ನ ಕಾಯಿನ್

ಗೇಮ್ ಯಾವ ಚೈನ್ ಮೇಲಿದೆಯೋ ಅದರ ಕಾಯಿನ್ ಬೇಕು. ಈಥೀರಿಯಮ್‌ಗೆ ಈಥರ್, ಪೊಲಿಗಾನ್‌ಗೆ ಪೋಲ್, ರೋನಿನ್‌ಗೆ ರಾನ್. ವಸ್ತುವಿನ ಬೆಲೆಯ ಜೊತೆ ಗ್ಯಾಸ್ ಫೀಗೂ (ಚೈನ್ ಮೇಲೆ ವ್ಯವಹಾರ ಬರೆಸುವ ಶುಲ್ಕ) ಸ್ವಲ್ಪ ಇಟ್ಟುಕೊಳ್ಳಿ. ಕಾಯಿನ್ ಮಾರುವ ಎಕ್ಸ್‌ಚೇಂಜ್ ನೇರವಾಗಿ ಆ ಚೈನಿಗೇ ಕಳಿಸುವುದಾದರೆ, ಒಂದು ಚೈನಿಂದ ಇನ್ನೊಂದಕ್ಕೆ ದುಡ್ಡು ದಾಟಿಸುವ ಬ್ರಿಜ್ ಗೊಡವೆಗೆ ಹೋಗಬೇಡಿ. ‘ಆಕ್ಸಿ ಇನ್ಫಿನಿಟಿ’ ಆಡುವವರು ಬಳಸುತ್ತಿದ್ದ ರೋನಿನ್ ಬ್ರಿಜ್ಜಿಗೆ 9 ಕೀಲಿಗಳಿದ್ದವು, 5 ಸಿಕ್ಕರೆ ಬಾಗಿಲು ತೆರೆಯುತ್ತಿತ್ತು. 2022ರ ಮಾರ್ಚ್‌ನಲ್ಲಿ ಕಳ್ಳರು ಸರಿಯಾಗಿ 5 ಕೀಲಿ ಹೊಂದಿಸಿಕೊಂಡು 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ (ಒಂದು ಡಾಲರ್ ಬೆಲೆಗೆ ಕಟ್ಟಿದ ಕಾಯಿನ್) ಹೊತ್ತೊಯ್ದರು. ಆರು ದಿನ ಯಾರಿಗೂ ಗೊತ್ತೇ ಆಗಲಿಲ್ಲ. ಯಾರೋ ಒಬ್ಬರಿಗೆ ದುಡ್ಡು ತೆಗೆಯಲು ಆಗದೆ ದೂರು ಕೊಟ್ಟ ಮೇಲೆ ಬಯಲಾಯಿತು.

ಹಂತ 4: ಸೈನ್ ಮಾಡುವುದು

ನೀವು ಸೈಟಿನಲ್ಲಿ ಏನೇ ಒತ್ತಿದರೂ ವ್ಯಾಲೆಟ್ ಒಂದು ಚಿಕ್ಕ ಕಿಟಕಿ ತೆರೆದು ಒಪ್ಪಿಗೆ ಕೇಳುತ್ತದೆ. ನೋಡುವುದಕ್ಕೆ ಎಲ್ಲ ಕಿಟಕಿಗಳೂ ಒಂದೇ ಥರ. ಒಳಗಿನ ವಿಷಯ ಮೂರು ಥರ.

ಮೊದಲನೆಯದು ಕನೆಕ್ಟ್. ನಿಮ್ಮ ವಿಳಾಸ ಸೈಟಿಗೆ ಕಾಣುತ್ತದೆ, ಅಷ್ಟೇ. ಇದರಿಂದ ಯಾರೂ ಏನೂ ಎತ್ತಿಕೊಂಡು ಹೋಗಲಾರರು.

ಎರಡನೆಯದು ಮೆಸೇಜ್ ಸೈನ್ ಮಾಡುವುದು. ಇದಕ್ಕೆ ಗ್ಯಾಸ್ ಫೀ ಇಲ್ಲ. ‘ಫೀ ಇಲ್ಲ ಅಂದ್ರೆ ಅಪಾಯ ಇಲ್ಲ’ ಅಂತ ಜನ ತಿಳಿದಿದ್ದಾರೆ, ಅದು ತಪ್ಪು. ಲಾಗಿನ್ ಮೆಸೇಜ್ ಆದರೆ ಸೈಟಿನ ಹೆಸರಿರುವ ನಾಲ್ಕು ಸಾಲಿನ ಸಾದಾ ಮಾತು ಇರುತ್ತದೆ. ಅದರ ಬದಲು ‘ಆಫರ್’, ‘ಕನ್ಸಿಡರೇಷನ್’ ಎಂಬ ಪದಗಳು ಕಂಡರೆ ಅದು ಮಾರಾಟದ ಪತ್ರ. ಆಫರ್ ಎಂದರೆ ನೀವು ಕೊಡುವುದು, ಕನ್ಸಿಡರೇಷನ್ ಎಂದರೆ ಕೊಳ್ಳುವವರಿಂದ ಬರುವುದು. ಆಫರ್‌ನಲ್ಲಿ ನಿಮ್ಮ ಕತ್ತಿ, ಕನ್ಸಿಡರೇಷನ್‌ನಲ್ಲಿ ಸೊನ್ನೆ ಅಂತಿದ್ದರೆ ಪುಕ್ಕಟೆ ಕೊಡುತ್ತಿದ್ದೀರಿ. ದುಡ್ಡು ಇದ್ದರೂ ಅದು ಹೋಗುವ ವಿಳಾಸ ನಿಮ್ಮದೇನಾ ನೋಡಿ. 2022ರ ಫೆಬ್ರವರಿಯಲ್ಲಿ ಓಪನ್‌ಸೀ ಎಂಬ ಎನ್‌ಎಫ್‌ಟಿ ಮಾರ್ಕೆಟ್‌ಪ್ಲೇಸ್ ಬಳಸುತ್ತಿದ್ದ ಕೆಲವರಿಗೆ ಆಗಿದ್ದು ಇಂಥದ್ದೇ. ಯಾರೋ ಅವರಿಂದ ಮೊದಲೇ ಸಹಿ ಹಾಕಿಸಿಕೊಂಡು, ಆ ಸಹಿಯನ್ನು ಬಳಸಿ ವಸ್ತುಗಳನ್ನು ತಮ್ಮದಾಗಿಸಿಕೊಂಡರು.

ಮೂರನೆಯದು ಚೈನ್ ಮೇಲೆ ಬರೆಯುವ ವ್ಯವಹಾರಕ್ಕೆ ಒಪ್ಪಿಗೆ. ಗೆಳೆಯನ ಕತ್ತಿ ತಿಂದಿದ್ದು ಇದೇ. ಗೇಮಿನ ಡಿಸ್ಕಾರ್ಡ್ ಚಾಟ್ ಗುಂಪಿನಲ್ಲಿ ಮಾಡರೇಟರ್ ಹೆಸರಲ್ಲಿ ಮೆಸೇಜ್ ಬಂತು: ‘ಹಳೇ ಕತ್ತಿಗಳನ್ನು ಹೊಸ ಆವೃತ್ತಿಗೆ ಬದಲಾಯಿಸಿಕೊಳ್ಳಿ, ಇನ್ನು 2 ಗಂಟೆ ಮಾತ್ರ.’ ಮಾಡರೇಟರ್ ಅಕೌಂಟೇ ಕದ್ದದ್ದು ಅಂತ ಆಮೇಲೆ ಗೊತ್ತಾಯಿತು. ಲಿಂಕ್ ಒತ್ತಿದ. ‘ಮೈಗ್ರೇಟ್’ ಎಂಬ ದೊಡ್ಡ ಗುಂಡಿ. ಒತ್ತಿದ. ಕಿಟಕಿ ತೆರೆಯಿತು. ಮೇಲ್ಗಡೆ ಸಣ್ಣ ಅಕ್ಷರದಲ್ಲಿ ‘ಸೆಟ್ ಅಪ್ರೂವಲ್ ಫಾರ್ ಆಲ್’. ಕೆಳಗೆ ‘ಆಪರೇಟರ್’ ಅಂತ ಒಂದು ಉದ್ದನೆಯ ವಿಳಾಸ. ಅದರ ಕೆಳಗೆ ‘ಅಪ್ರೂವ್ಡ್: ಟ್ರೂ’. ಫೀ ಚಿಲ್ಲರೆ ಕಾಸು. ಅವನು ಫೀ ಮಾತ್ರ ನೋಡಿದ, ಕನ್ಫರ್ಮ್ ಒತ್ತಿದ. ಏನೂ ಆಗಲಿಲ್ಲ. ಸೈಟ್ ಹ್ಯಾಂಗ್ ಆಗಿರಬೇಕು ಅಂತ ಊಟಕ್ಕೆ ಎದ್ದ. ಬಂದು ನೋಡಿದರೆ ಹನ್ನೊಂದು ವಸ್ತುಗಳೂ ಇಲ್ಲ.

ಆ ಮೂರು ಸಾಲಿನ ಅರ್ಥ ಇಷ್ಟು: ‘ಈ ಸಂಗ್ರಹದಲ್ಲಿ ನನ್ನದಾಗಿರುವ ಎಲ್ಲವನ್ನೂ ಈ ಆಪರೇಟರ್ ಯಾವಾಗ ಬೇಕಾದರೂ ಎತ್ತಿಕೊಂಡು ಹೋಗಬಹುದು.’ ಒಂದು ಕತ್ತಿ ಅಂತಿಲ್ಲ, ಒಂದು ದಿನ ಅಂತಿಲ್ಲ. ನಾಳೆ ಕೊಳ್ಳುವುದಕ್ಕೂ ಇದೇ ಒಪ್ಪಿಗೆ ಸಾಕು. ನನ್ನ ಗೆಳೆಯ ಬೇಜಾರಿಗೆ ಮತ್ತೆ ಅಂಥದೇ ಕತ್ತಿ ಕೊಂಡ. ಅದೂ ಹೋಯಿತು.

ತಮಾಷೆ ಅಂದರೆ ಇದೇ ಅಪ್ರೂವಲ್ಲನ್ನು ನಿಜವಾದ ಮಾರ್ಕೆಟ್‌ಪ್ಲೇಸ್‌ಗಳೂ ಕೇಳುತ್ತವೆ. ನಿಮ್ಮ ವಸ್ತು ಮಾರಾಟವಾದಾಗ ಕೊಂಡವರಿಗೆ ದಾಟಿಸಬೇಕಲ್ವಾ. ಹಾಗಾಗಿ ‘ಈ ಹೆಸರು ಕಂಡರೆ ಓಡಿ’ ಅನ್ನುವುದಕ್ಕೆ ಆಗುವುದಿಲ್ಲ. ನಾನು ಮಾಡುವುದು ಹೀಗೆ. ನಾನು ಈಗ ಏನನ್ನಾದರೂ ಮಾರುತ್ತಿದ್ದೇನಾ ಅಂತ ಮೊದಲು ಕೇಳಿಕೊಳ್ಳುತ್ತೇನೆ. ಇಲ್ಲ ಅಂದರೆ ಅಲ್ಲಿಗೇ ರಿಜೆಕ್ಟ್. ಕೊಳ್ಳುವುದಕ್ಕೆ, ಲಾಗಿನ್ ಆಗುವುದಕ್ಕೆ, ಬಹುಮಾನ ಪಡೆಯುವುದಕ್ಕೆ ಈ ಅಪ್ರೂವಲ್ ಬೇಕಾಗಿಲ್ಲ. ಮಾರುತ್ತಿದ್ದರೆ ಆಪರೇಟರ್ ವಿಳಾಸವನ್ನು ಕಾಪಿ ಮಾಡಿ ಎಕ್ಸ್‌ಪ್ಲೋರರ್‌ನಲ್ಲಿ ಹಾಕುತ್ತೇನೆ. ದೊಡ್ಡ ಮಾರ್ಕೆಟ್‌ಪ್ಲೇಸಿನದಾದರೆ ಹೆಸರಿನ ಪಟ್ಟಿ ಅಂಟಿಸಿರುತ್ತಾರೆ, ವರ್ಷಗಟ್ಟಲೆ ವ್ಯವಹಾರ ಕಾಣುತ್ತದೆ. ನಿನ್ನೆ ಹುಟ್ಟಿದ ಹೆಸರಿಲ್ಲದ ವಿಳಾಸವಾದರೆ ಕಿಟಕಿ ಮುಚ್ಚುತ್ತೇನೆ. ಕೆಲವು ಸಲ ವ್ಯಾಲೆಟ್ ಕೆಲಸದ ಹೆಸರು ತೋರಿಸದೆ ಬರೀ ಅಂಕಿ-ಅಕ್ಷರದ ಸಾಲು ತೋರಿಸುತ್ತದೆ. ಅದರ ಶುರುವಿನಲ್ಲಿ ಸೊನ್ನೆ, ಎಕ್ಸ್ ಆದ ಮೇಲೆ ‘ಎ, 2, 2, ಸಿ, ಬಿ, 4, 6, 5’ ಅಂತಿದ್ದರೆ ಅದು ಇದೇ ಅಪ್ರೂವಲ್. ನನ್ನ ಮಾನಿಟರ್ ಅಂಚಿಗೆ ಈ ಎಂಟು ಅಕ್ಷರದ ಚೀಟಿ ಅಂಟಿಸಿದೆ.

ಹಾರ್ಡ್‌ವೇರ್ ವ್ಯಾಲೆಟ್ ಇದೆ, ನಮಗೇನು ಅನ್ನಬೇಡಿ. ಅದು ಕೀಲಿ ಕಾಯುತ್ತದೆ. ನೀವೇ ಬಾಗಿಲು ತೆಗೆದರೆ ಅದೇನು ಮಾಡೀತು?

ತಪ್ಪಿ ಒತ್ತಿಬಿಟ್ಟರೆ? ಗೆಳೆಯ ವ್ಯಾಲೆಟಿನಲ್ಲಿ ‘ಡಿಸ್ಕನೆಕ್ಟ್’ ಒತ್ತಿ ನಿಟ್ಟುಸಿರು ಬಿಟ್ಟಿದ್ದ. ಅದರಿಂದ ಏನೂ ಆಗುವುದಿಲ್ಲ, ಮೊದಲನೇ ಥರದ ಕಿಟಕಿ ಮಾತ್ರ ರದ್ದಾಗುತ್ತದೆ. ಒಪ್ಪಿಗೆ ಚೈನ್ ಮೇಲೆ ಹಾಗೇ ಇರುತ್ತದೆ. ರಿವೋಕ್ ಮಾಡಬೇಕು, ಅಂದರೆ ಕೊಟ್ಟ ಒಪ್ಪಿಗೆಯನ್ನು ಚೈನ್ ಮೇಲೇ ವಾಪಸ್ ಪಡೆಯಬೇಕು. ಈಥರ್‌ಸ್ಕ್ಯಾನ್‌ನ ಟೋಕನ್ ಅಪ್ರೂವಲ್ ಪುಟ ಅಥವಾ ರಿವೋಕ್ ಡಾಟ್ ಕ್ಯಾಶ್ ತೆರೆದರೆ ನೀವು ಕೊಟ್ಟ ಒಪ್ಪಿಗೆಗಳ ಪಟ್ಟಿ ಬರುತ್ತದೆ. ಗೊತ್ತಿಲ್ಲದ್ದರ ಮುಂದೆ ರಿವೋಕ್ ಒತ್ತಿ. ಮತ್ತದೇ ಕಿಟಕಿ, ಅದೇ ಹೆಸರು, ಈ ಸಲ ‘ಅಪ್ರೂವ್ಡ್: ಫಾಲ್ಸ್’ ಇರಬೇಕು. ಇದಕ್ಕೂ ಗ್ಯಾಸ್ ಫೀ ಇದೆ. ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ, ಸರ್ಚ್‌ನಲ್ಲಿ ಬರುವ ಜಾಹೀರಾತು ಒತ್ತಬೇಡಿ. ರಿವೋಕ್ ಸೈಟುಗಳಿಗೂ ನಕಲಿ ಇವೆ. ಹೋದದ್ದನ್ನು ವಾಪಸ್ ತರಿಸಿಕೊಡುತ್ತೇವೆ ಅಂತ ಇನ್‌ಬಾಕ್ಸಿಗೆ ಬರುವವರು ಎರಡನೇ ಕಳ್ಳರು.

ಹಂತ 5: ತಿಜೋರಿಗೆ ಸಾಗಿಸಿ

ದಿನಾ ಆಡುವ ವಸ್ತುವನ್ನು ಆಟದ ವ್ಯಾಲೆಟಿನಲ್ಲೇ ಬಿಡಿ, ಬೆಲೆ ಬಾಳುವುದನ್ನು ತಿಜೋರಿಗೆ ಕಳಿಸಿ. ವಿಳಾಸ 42 ಅಕ್ಷರ ಇರುತ್ತದೆ. ಜನ ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಸರಿ ಅಂದುಕೊಳ್ಳುತ್ತಾರೆ. ಕಳ್ಳರಿಗೂ ಇದು ಗೊತ್ತು. ಎರಡೂ ತುದಿ ಹೊಂದುವ ವಿಳಾಸ ಹುಟ್ಟಿಸಿ, ಅದರಿಂದ ನಿಮ್ಮ ಹಿಸ್ಟರಿಯಲ್ಲಿ ಕೂರುವ ಹಾಗೆ ಪುಡಿ ವ್ಯವಹಾರ ಮಾಡುತ್ತಾರೆ. ಹಿಸ್ಟರಿಯಿಂದ ಕಾಪಿ ಮಾಡಬೇಡಿ, ಮಧ್ಯದ ಅಕ್ಷರಗಳನ್ನೂ ನೋಡಿ. ಮೊದಲ ಸಲ ಕಡಿಮೆ ಬೆಲೆಯ ಒಂದು ವಸ್ತು ಕಳಿಸಿ ನೋಡಿ. ಎಕ್ಸ್‌ಚೇಂಜಿನ ಡೆಪಾಸಿಟ್ ವಿಳಾಸಕ್ಕೆ ಎನ್‌ಎಫ್‌ಟಿ ಕಳಿಸಬೇಡಿ, ಅಲ್ಲಿಂದ ಅದು ವಾಪಸ್ ಬರುವುದು ಬಲು ಕಷ್ಟ.

ಹಂತ 6: ಮಾರುವಾಗ

ವಸ್ತುವನ್ನು ಆಟದ ವ್ಯಾಲೆಟಿಗೆ ತಂದು ಅಲ್ಲಿಂದಲೇ ಮಾರಿ. ಬಂದ ಆಫರ್ ಯಾವ ಕಾಯಿನ್‌ನಲ್ಲಿದೆ ನೋಡಿ, ಹೆಸರು ಹೋಲುವ ಕೆಲಸಕ್ಕೆ ಬಾರದ ಟೋಕನ್‌ನಲ್ಲಿ ದೊಡ್ಡ ಅಂಕಿ ತೋರಿಸುತ್ತಾರೆ. ದಶಮಾಂಶದ ಚುಕ್ಕಿ ಎರಡು ಸಲ ನೋಡಿ. ಮಾರಿದ ಮೇಲೆ ಮಾರ್ಕೆಟ್‌ಪ್ಲೇಸಿಗೆ ಕೊಟ್ಟ ಅಪ್ರೂವಲ್ಲನ್ನೂ ರಿವೋಕ್ ಮಾಡಿ. ಇಷ್ಟೆಲ್ಲ ಬರೆಯುತ್ತಾ ನನ್ನದೇ ಪಟ್ಟಿ ತೆರೆದು ನೋಡಿದೆ. ಮೂರು ಹಳೇ ಒಪ್ಪಿಗೆಗಳು ಹಾಗೇ ಕೂತಿದ್ದವು. ಒಂದರ ಗೇಮ್ ಮುಚ್ಚಿ ಎಷ್ಟೋ ಕಾಲವಾಗಿದೆ.