ಪ್ರೆಪ್ಪಿ ಉಡುಪು, ವಿದ್ಯಾರ್ಥಿಯ ಬಜೆಟ್: ನಾನು ಜೋಡಿಸಿಕೊಂಡ ಬಗೆ

ಪ್ರೆಪ್ಪಿ ಉಡುಪಿನ ಒಂದು ಗುಣ ವಿದ್ಯಾರ್ಥಿಗೆ ದೊಡ್ಡ ಅನುಕೂಲ: ಅದು ಬೇಗ ಬದಲಾಗುವುದಿಲ್ಲ. ಅಮೆರಿಕದ ಈಶಾನ್ಯ ಭಾಗದ ಪ್ರೆಪ್ ಸ್ಕೂಲುಗಳಲ್ಲಿ (ಕಾಲೇಜಿಗೆ ಅಣಿಮಾಡುವ ಖಾಸಗಿ ಶಾಲೆಗಳು), ಯೇಲ್, ಪ್ರಿನ್ಸ್‌ಟನ್‌ನಂಥ ಕಾಲೇಜುಗಳಲ್ಲಿ ರೂಢಿಗೆ ಬಂದ ಆಕ್ಸ್‌ಫರ್ಡ್ ಶರ್ಟು, ನೇವಿ ಬ್ಲೇಜರ್, ಖಾಕಿ ಪ್ಯಾಂಟು, ಪೆನ್ನಿ ಲೋಫರ್ (ಲೇಸಿಲ್ಲದ ಚರ್ಮದ ಶೂ) 1960ರ ಸುಮಾರಿಗೆ ಹೇಗಿದ್ದವೋ ಹೆಚ್ಚುಕಡಿಮೆ ಈಗಲೂ ಹಾಗೇ ಇವೆ. ಇಪ್ಪತ್ತೈದು ವರ್ಷದ ಹಿಂದೆ ಯಾರೋ ಕೊಂಡ ಒಳ್ಳೆಯ ಕೋಟು, ದಾನಕ್ಕೆ ಬಂದ ಹಳೆಯ ಬಟ್ಟೆ ಮಾರುವ ಥ್ರಿಫ್ಟ್ ಅಂಗಡಿಯಲ್ಲಿ 25 ಡಾಲರಿಗೆ ಸಿಕ್ಕರೆ ಇವತ್ತೂ ಧೈರ್ಯವಾಗಿ ಹಾಕಿಕೊಳ್ಳಬಹುದು. ನ್ಯೂಜೆರ್ಸಿಯಲ್ಲಿ ಎಂ.ಎಸ್. ಓದುತ್ತ, ಅಸಿಸ್ಟೆಂಟ್‌ಶಿಪ್ ಹಣದಲ್ಲಿ ನಾನು ಕಪಾಟು ತುಂಬಿಸಿಕೊಂಡದ್ದು ಇದೇ ಲೆಕ್ಕದ ಮೇಲೆ. ಬಟ್ಟೆ ಸೆಕೆಂಡ್ ಹ್ಯಾಂಡ್ ಆಗಿರಲಿ, ಫಿಟ್ಟಿಂಗ್ ಮಾತ್ರ ನಮ್ಮದೇ ಇರಬೇಕು.

ಇಡೀ ಕಪಾಟಿಗೆ ಇಟ್ಟ 350 ಡಾಲರನ್ನು ನಾನು ಹಂಚುವುದು ಹೀಗೆ. ನಾಲ್ಕು ಶರ್ಟಿಗೆ 32, ಬ್ಲೇಜರಿಗೆ 25, ಟ್ವೀಡ್ (ಒರಟು ಉಣ್ಣೆ) ಕೋಟಿಗೆ 20, ಎರಡು ಖಾಕಿ ಪ್ಯಾಂಟಿಗೆ 70, ಬೂದು ಬಣ್ಣದ ಫ್ಲಾನೆಲ್ (ಮೆತ್ತನೆಯ ಉಣ್ಣೆ) ಪ್ಯಾಂಟಿಗೆ 12, ಎರಡು ಸ್ವೆಟರಿಗೆ 24, ಲೋಫರಿಗೆ 70, ಬೆಲ್ಟಿಗೆ 15, ಮೂರು ಟೈಗೆ 9. ಇಲ್ಲಿಗೆ 277 ಆಯಿತು. ಉಳಿದ 73 ಅಲ್ಟ್ರೇಷನ್ನಿಗೆ: ಬ್ಲೇಜರಿನ ತೋಳು ಮೋಟು ಮಾಡಲು 25, ಸೊಂಟ ಹಿಡಿಸಲು 20, ಫ್ಲಾನೆಲ್ ಪ್ಯಾಂಟಿನ ಬಾಟಮ್ಮಿಗೆ 15, ಮಿಕ್ಕದ್ದು ಹಿತ್ತಾಳೆ ಗುಂಡಿಗೆ. ಈ 73ನ್ನು ಇನ್ನೊಂದು ಸ್ವೆಟರಿನ ಆಸೆಗೆ ಮುರಿಯಬೇಡಿ. ಟೈಲರ್ ಕೈ ಸೋಕದ ಸೆಕೆಂಡ್ ಹ್ಯಾಂಡ್ ಕೋಟು ಎರವಲು ತಂದದ್ದರಂತೆ ಕಾಣುತ್ತದೆ. ಚಳಿಗಾಲದ ದಪ್ಪ ಜಾಕೆಟ್ಟಿನ ಖರ್ಚು ಈ ಲೆಕ್ಕದಲ್ಲಿಲ್ಲ, ಅದು ಬೇರೆಯೇ.

ಎಲ್ಲಿ ಹುಡುಕಬೇಕು ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. ಮೇ ತಿಂಗಳಲ್ಲಿ ಹಾಸ್ಟೆಲುಗಳು ಖಾಲಿಯಾಗುವಾಗ ಕಾಲೇಜು ಊರುಗಳ ಗುಡ್‌ವಿಲ್, ಸಾಲ್ವೇಶನ್ ಆರ್ಮಿ ಥ್ರಿಫ್ಟ್ ಅಂಗಡಿಗಳಿಗೆ ಮೂಟೆಗಟ್ಟಲೆ ಬಟ್ಟೆ ಬಂದು ಬೀಳುತ್ತದೆ. ಸಿರಿವಂತ ಬಡಾವಣೆಗಳಲ್ಲಿ ಚರ್ಚು, ಆಸ್ಪತ್ರೆಗಳ ಸಹಾಯಾರ್ಥ ನಡೆಯುವ ಸಣ್ಣ ಅಂಗಡಿಗಳಲ್ಲಿ ಸರಕು ಕಡಿಮೆ, ಗುಣಮಟ್ಟ ಹೆಚ್ಚು. ಹಲವು ಗುಡ್‌ವಿಲ್ ಅಂಗಡಿಗಳಲ್ಲಿ ವಾರಕ್ಕೊಂದು ಬಣ್ಣದ ಚೀಟಿಗೆ ಅರ್ಧ ಬೆಲೆ ಇರುತ್ತದೆ, ಒಳಗೆ ಕಾಲಿಡುತ್ತಲೇ ಆ ವಾರದ ಬಣ್ಣ ಕೇಳಿಕೊಳ್ಳಿ. ಜೇಬಿನಲ್ಲಿ ಟೇಪು ಇರಲಿ. ಹಳೆಯ ಬಟ್ಟೆಯ ಸೈಜು ಚೀಟಿಯನ್ನು ನಾನು ನಂಬುವುದಿಲ್ಲ, ಒಗೆದು ಒಗೆದು ಕುಗ್ಗಿರುತ್ತದೆ. ನಿಮಗೆ ಚೆನ್ನಾಗಿ ಕೂರುವ ಒಂದು ಶರ್ಟು, ಒಂದು ಕೋಟು, ಒಂದು ಪ್ಯಾಂಟನ್ನು ಮಂಚದ ಮೇಲೆ ಹರಡಿ ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಭುಜದಿಂದ ಭುಜ, ಕಂಕುಳಿಂದ ಕಂಕುಳು, ತೋಳು, ಬೆನ್ನಿನ ಉದ್ದ, ಸೊಂಟ, ಒಳಗಾಲು. ಇಬೇ (eBay) ಜಾಲತಾಣದಲ್ಲಿ ಕೊಳ್ಳುವಾಗಲೂ ಇದೇ ಅಳತೆ. ಅಳತೆ ಬರೆಯದ, ಕೇಳಿದರೂ ಕೊಡದ ಮಾರಾಟಗಾರನಿಂದ ಕೋಟು ತರಿಸಬೇಡಿ.

ಶರ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಉಡುಪಿನ ಮುಖವೇ ಅದು. ಕಾಲರಿನ ತುದಿಗೆ ಗುಂಡಿ ಇರುವ ಆಕ್ಸ್‌ಫರ್ಡ್ ಶರ್ಟನ್ನು ಅಮೆರಿಕದ ಬಟ್ಟೆ ಕಂಪನಿ ಬ್ರೂಕ್ಸ್ ಬ್ರದರ್ಸ್ 1900ರ ಆಸುಪಾಸಿನಿಂದ ಮಾರುತ್ತಿದೆ. ಇಂಗ್ಲೆಂಡಿನ ಪೋಲೋ ಆಟಗಾರರು ಕಾಲರ್ ಗಾಳಿಗೆ ಹಾರದಂತೆ ಗುಂಡಿ ಹಾಕಿಕೊಂಡದ್ದು ಅದರ ಮೂಲ. ಅಮೆರಿಕದ ಸೈಜು 15½–33 ಎಂದಿದ್ದರೆ ಕುತ್ತಿಗೆ 15½ ಇಂಚು, ಕತ್ತಿನ ಹಿಂದಿನ ನಡುವಿನಿಂದ ಭುಜದ ಮೇಲೆ ಹಾದು ಮಣಿಕಟ್ಟಿನ ಮೂಳೆವರೆಗೆ 33 ಇಂಚು. ಊರಲ್ಲಿ 39ರ ಫಾರ್ಮಲ್ ಶರ್ಟು ಹಾಕುತ್ತಿದ್ದವರಿಗೆ ಇಲ್ಲಿ 15½ ಸರಿಹೋಗುತ್ತದೆ, ಆ 39 ಕುತ್ತಿಗೆಯ ಸೆಂಟಿಮೀಟರ್ ಅಳತೆ. ಕಾಲರಿನ ಚೂಪು 3¼ ಇಂಚಿಗಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ಗುಂಡಿ ಹಾಕಿದಾಗ ಕಾಲರ್ ಮೆತ್ತಗೆ ಉಬ್ಬಿ ಬಾಗಬೇಕು, ಗಿಡ್ಡ ಕಾಲರ್ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಉದ್ದ ಇದ್ದೂ ಚಪ್ಪಟೆ ಕೂರುತ್ತಿದ್ದರೆ ಕಾಲರಿನ ಗುಂಡಿಗಳನ್ನು ಬಿಚ್ಚಿ ಕಾಲು ಇಂಚು ಮೇಲಕ್ಕೆ ಹೊಲಿಯಿರಿ. ಸೂಜಿ ದಾರದ ಹತ್ತು ನಿಮಿಷದ ಕೆಲಸ, ಶರ್ಟಿನ ಗತ್ತೇ ಬದಲಾಗುತ್ತದೆ.

ಥ್ರಿಫ್ಟ್ ಅಂಗಡಿಗಳಲ್ಲಿ ಹೇರಳವಾಗಿ ಸಿಗುವುದು ನಾನ್-ಐರನ್ ಶರ್ಟು. ನಾನು ಮುಟ್ಟುವುದಿಲ್ಲ. ಸುಕ್ಕು ಬೀಳದಿರಲೆಂದು ಹತ್ತಿಯ ನೂಲಿಗೆ ರಾಳ ಕುಡಿಸಿರುತ್ತಾರೆ. ಬಟ್ಟೆ ಬಿರುಸಾಗುತ್ತದೆ, ಸೆಕೆ ಹೆಚ್ಚು, ಕಾಲರಿನ ಮಡಿಕೆಯಲ್ಲಿ ಬೇಗ ಹರಿಯುತ್ತದೆ. ರಾಳ ಕುಡಿಸದ ಬರೀ ಹತ್ತಿಯದನ್ನೇ ಹುಡುಕಿ ಕಾಲರಿನ ಮಡಿಕೆ, ಕಫ್ಫಿನ ಅಂಚು, ಮೊಣಕೈ ಈ ಮೂರು ಕಡೆ ಬೆಳಕಿಗೆ ಹಿಡಿದು ನೋಡಿ. ಕುತ್ತಿಗೆಯ ಹಳದಿ ಕಲೆಗೆ ಹೆದರಬೇಕಿಲ್ಲ: ಬಿಸಿನೀರಿಗೆ ಆಕ್ಸಿಜನ್ ಬ್ಲೀಚ್ ಪುಡಿ ಹಾಕಿ ರಾತ್ರಿಯಿಡೀ ನೆನೆಸಿದರೆ ಬಹುಪಾಲು ಹೋಗುತ್ತದೆ. ಕ್ಲೋರಿನ್ ಬ್ಲೀಚ್ ಬೇಡ, ಬೆವರಿನ ಕಲೆ ಇನ್ನಷ್ಟು ಹಳದಿಯಾಗುತ್ತದೆ. ನಾಲ್ಕರಲ್ಲಿ ಎರಡು ತಿಳಿನೀಲಿ, ಒಂದು ಬಿಳಿ, ಒಂದು ಗುಲಾಬಿ. ನಮ್ಮ ಕಂದು ಮೈಬಣ್ಣಕ್ಕೆ ಆ ಗುಲಾಬಿ ತುಂಬ ಒಪ್ಪುತ್ತದೆ, ಹಿಂಜರಿಯಬೇಡಿ.

ಹಳೆಯ ಅಮೆರಿಕನ್ ಶರ್ಟುಗಳ ಮೈ ಸಡಿಲ. ಅದನ್ನು ಇಲ್ಲಿ ಸರಿಮಾಡಿಸುವುದು ದಂಡ; ರಜೆಗೆ ಊರಿಗೆ ಹೋಗುವಾಗ ಸೂಟ್‌ಕೇಸಿಗೆ ಹಾಕಿಕೊಂಡು ಹೋಗಿ. ಬೆಂಗಳೂರಿನ ಅಲ್ಟ್ರೇಷನ್ ಅಂಗಡಿಯಲ್ಲಿ ಒಂದೆರಡು ನೂರು ರೂಪಾಯಿಗೆ ಸೈಡ್ ಹಿಡಿದುಕೊಡುತ್ತಾರೆ. ಆದರೆ ಬಿಗಿ ಫಿಟ್ಟಿಂಗೇ ಚೆಂದ ಎಂಬ ಅಭ್ಯಾಸ ಅವರದು. ಎದೆಯ ಸುತ್ತ ಮೈ ಅಳತೆಗಿಂತ 5 ಇಂಚು ಸಡಿಲ ಇರಲಿ ಎಂದು ಮೊದಲೇ ಹೇಳಿ. ಒಳಗಿನ ಹೆಚ್ಚುವರಿ ಬಟ್ಟೆ ಕತ್ತರಿಸಬೇಡಿ ಮಾಸ್ಟರ್, ಹಾಗೇ ಬಿಡಿ ಎಂದೂ ಹೇಳಿ. ಮೈ ತುಂಬಿದರೆ ಬಿಚ್ಚಿಕೊಳ್ಳಬಹುದು.

ಬ್ಲೇಜರಿನಲ್ಲಿ ಮೊದಲು ನೋಡಬೇಕಾದ್ದು ಭುಜ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ಕೊನೆಗೆ ಮುಗಿಯಬೇಕು. ಗೋಡೆಗೆ ಪಕ್ಕವಾಗಿ ನಿಂತು ಒರಗಿ: ತೋಳಿಗಿಂತ ಮೊದಲು ಕೋಟಿನ ಭುಜ ಗೋಡೆಗೆ ತಾಗಿ ಮಡಿಚಿದರೆ ಅದು ದೊಡ್ಡದು. ಭುಜವನ್ನೂ ಉದ್ದವನ್ನೂ ಯಾವ ಟೈಲರೂ ಅಗ್ಗಕ್ಕೆ ಸರಿಮಾಡಲಾರ. ತೋಳನ್ನು ಮೋಟು ಮಾಡಬಹುದು. ಉದ್ದ ಬೇಕಿದ್ದರೆ ಒಳಮಡಿಕೆಯಲ್ಲಿ ಎಷ್ಟು ಬಟ್ಟೆ ಇದೆಯೆಂದು ಬೆರಳು ಹಾಕಿ ನೋಡಿ, ಸಾಮಾನ್ಯವಾಗಿ ಒಂದು ಇಂಚು. ಸೊಂಟವನ್ನು ಒಟ್ಟು 2 ಇಂಚಿನವರೆಗೆ ಹಿಡಿಸಬಹುದು. ಅದಕ್ಕಿಂತ ಹೆಚ್ಚು ಹಿಡಿದರೆ ಜೇಬುಗಳು ಬೆನ್ನ ಕಡೆ ಸರಿದು ಹಿಂದಿನ ಸೀಳು ಬಾಯಿ ಬಿಡುತ್ತದೆ. 38ರ ಎದೆಯವರಿಗೆ ಕೋಟಿನ ಕಂಕುಳಿಂದ ಕಂಕುಳಿಗೆ ಸುಮಾರು 20½ ಇಂಚು ಇರಲಿ.

ಒಳಪದರವನ್ನು ಅಂಟು ಹಾಕಿ ಕೂಡಿಸಿದ ಕೋಟುಗಳ ಎದೆಭಾಗದಲ್ಲಿ, ಡ್ರೈಕ್ಲೀನ್ ಆಗಿ ಆಗಿ, ಸಣ್ಣ ಗುಳ್ಳೆಗಳೇಳುತ್ತವೆ. ಅದಕ್ಕೆ ಮದ್ದಿಲ್ಲ. ಕೆಳಗಿನ ಗುಂಡಿ ಕಾಜದ ಹತ್ತಿರ ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ಚಿವುಟಿ ಬೇರ್ಪಡಿಸಿ. ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಕೈಗೆ ಸಿಕ್ಕರೆ ಅದು ಅಂಟಿನ ಬದಲು ಕ್ಯಾನ್ವಾಸ್ ಹಾಕಿ ಹೊಲಿದ ಕೋಟು, ಸಿಕ್ಕಿದ್ದೇ ಲಾಭ. ಪ್ಯಾಂಟು ಕಳೆದುಹೋದ ಸೂಟಿನ ನೇವಿ ಕೋಟಿಗೆ ಹಿತ್ತಾಳೆ ಗುಂಡಿ ಹಾಕಿ ಬ್ಲೇಜರ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಸೂಟಿನ ಬಟ್ಟೆ ನುಣುಪು, ಹೊಳಪು, ಗುಂಡಿ ಬದಲಿಸಿದರೂ ಅದು ಸೂಟಿನ ಕೋಟಾಗಿಯೇ ಕಾಣುತ್ತದೆ. ನೇಯ್ಗೆ ಕಣ್ಣಿಗೆ ಕಾಣುವ ಹಾಪ್‌ಸ್ಯಾಕ್ ಅಥವಾ ಫ್ಲಾನೆಲ್ ಬೇಕು. ಸಣ್ಣ ಮೈಕಟ್ಟಿನವರು ಹುಡುಗರ ವಿಭಾಗವನ್ನೂ ಜಾಲಾಡಿ. ಅಲ್ಲಿನ 18–20 ಸೈಜು ದೊಡ್ಡವರ ಸ್ಮಾಲಿಗೆ ಹತ್ತಿರ, ಬೆಲೆ ಕಡಿಮೆ.

ಖಾಕಿ ಪ್ಯಾಂಟು ಮಾತ್ರ ಹೊಸದೇ ಇರಲಿ, ಹಳೆಯವು ತೊಡೆಸಂದಿಯಲ್ಲಿ ಸವೆದಿರುತ್ತವೆ. ಎಲ್.ಎಲ್. ಬೀನ್, ಲ್ಯಾಂಡ್ಸ್ ಎಂಡ್ ಎಂಬ ಅಮೆರಿಕದ ಬಟ್ಟೆ ಕಂಪನಿಗಳೆರಡೂ ಒಳಗಾಲಿನ ಅಳತೆಗೆ ಮಾರುತ್ತವೆ. ಲ್ಯಾಂಡ್ಸ್ ಎಂಡ್‌ನಲ್ಲಿ ಪೂರ್ತಿ ಬೆಲೆ ಕೊಡಬೇಡಿ, ಅಲ್ಲಿ ರಿಯಾಯಿತಿ ಆಗಾಗ ಬರುತ್ತಲೇ ಇರುತ್ತದೆ. ಬಾಟಮ್ಮಿನ ಅಗಲ 7½ರಿಂದ 8 ಇಂಚು, ಮಡಚುವುದಾದರೆ 1¾ ಇಂಚಿನ ಮಡಿಕೆ.

ಉಣ್ಣೆಯ ಸ್ವೆಟರ್, ಟ್ವೀಡ್ ಮನೆಗೆ ಬಂದ ದಿನವೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಡಿ. ನುಸಿಯ ಮರಿ ಒಂದಿದ್ದರೂ ಕಪಾಟಿನ ಉಣ್ಣೆಯನ್ನೆಲ್ಲ ತಿನ್ನುತ್ತದೆ. ಸ್ವೆಟರನ್ನು ತಣ್ಣೀರಿನಲ್ಲಿ, ತಲೆಗೆ ಹಾಕುವ ಶಾಂಪೂವಿನಲ್ಲಿ ಅದ್ದಿ ಹಿಂಡದೆ ಟವೆಲಿನ ಮೇಲೆ ಹರಡಿ. ಉಣ್ಣೆಯ ಎಳೆಗೆ ಸಣ್ಣ ಪೊರೆಗಳಿರುತ್ತವೆ. ಬಿಸಿ ಮತ್ತು ಉಜ್ಜಾಟಕ್ಕೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಮಗುವಿನ ಸೈಜಿಗೆ ಕುಗ್ಗುತ್ತದೆ.

ಮೇನ್ ರಾಜ್ಯದ ಬಾಸ್ ಕಂಪನಿ 1936ರಲ್ಲಿ ತಂದ ಪೆನ್ನಿ ಲೋಫರೇ ಇಂದಿಗೂ ಮಾದರಿ. ನಮ್ಮ ಚಪ್ಪಲಿ ಅಂಗಡಿಯ 8, ಅಮೆರಿಕದಲ್ಲಿ 9. ಲೋಫರಿಗೆ ಇನ್ನರ್ಧ ಸೈಜು ಕಡಿಮೆ ಹಾಕಿ ನೋಡಿ. ಚರ್ಮ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕಲ್ಲ. ಹಾಗಾಗಿ ಹೊಸತರಲ್ಲಿ ಪಕ್ಕ ಬಿಗಿಯಿರಲಿ, ಬೆರಳು ಮಾತ್ರ ಒತ್ತಬಾರದು. ಹಳೆಯದನ್ನು ಕೊಳ್ಳುವಾಗ ಅಟ್ಟೆ ಸವೆದಿದ್ದರೆ ಹಾಕಿಸಬಹುದು, ಮೇಲಿನ ಚರ್ಮ ಬೆರಳು ಮಡಿಚುವ ಕಡೆ ಬಿರಿದಿದ್ದರೆ ಬಿಟ್ಟುಬಿಡಿ. ಟೈ ಓರೆಪಟ್ಟೆಯದು, ಅಗಲ 3ರಿಂದ 3¼ ಇಂಚು, ಅಷ್ಟೇ.

ಬೇಸಿಗೆಗೆ ಮದ್ರಾಸ್ ಚೆಕ್ಸ್. ಗಿಡಮೂಲದ ಬಣ್ಣ ಒಗೆದಂತೆಲ್ಲ ಹರಡುವುದನ್ನೇ ಹೆಮ್ಮೆಯಿಂದ ಜಾಹೀರಾತು ಮಾಡಿ 1960ರ ದಶಕದ ಅಮೆರಿಕದ ಅಂಗಡಿಗಳು ಇದನ್ನು ಮಾರಿದವು. ಇದನ್ನು ಇಲ್ಲಿ ಕೊಳ್ಳಬೇಡಿ. ಊರಿಂದ ಕೈಮಗ್ಗದ ಹತ್ತಿ ಚೆಕ್ಸ್ ತಂದು ಹೊಲಿಸಿ. 58 ಇಂಚು ಪನ್ನದ್ದಾದರೆ ತುಂಬುತೋಳಿಗೆ 1.6 ಮೀಟರ್ ಸಾಲದು. ಚೌಕಳಿ ಕೂಡಿಸಲು 1.8 ತನ್ನಿ. ಹೊಲಿಸುವ ಮೊದಲು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿದರೆ ಆಮೇಲೆ ಕುಗ್ಗುವುದಿಲ್ಲ. ಮಾದರಿಗೆ ಚೆನ್ನಾಗಿ ಕೂರುವ ಆಕ್ಸ್‌ಫರ್ಡ್ ಶರ್ಟೊಂದನ್ನು ಕೊಟ್ಟು ಮೂರು ಮಾತು ಹೇಳಿ: ಕಾಲರಿನ ಚೂಪು 3¼ ಇಂಚು, ಕಾಲರಿನೊಳಗೆ ಅಂಟಿನ ಫ್ಯೂಸಿಂಗ್ (ಗಟ್ಟಿ ಒಳಪದರ) ಬೇಡ, ಜೇಬಿನ ಚೌಕಳಿ ಎದೆಯ ಚೌಕಳಿಗೆ ಕೂಡಬೇಕು.