ಎಲ್ಲಿ ತಿರುಗಬೇಕಿತ್ತು?

2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಎಂಐ-17 ವಿ5 ಹೆಲಿಕಾಪ್ಟರ್ ಬಿದ್ದ ಸುದ್ದಿ ಬಂದಾಗ ನಾನು ಮಡಿಕೇರಿ ಸಮೀಪದ ನಮ್ಮ ತೋಟದ ಕಣದಲ್ಲಿ ಕಾಫಿ ಹರವಿಸುತ್ತಿದ್ದೆ. ಸಂಜೆಯವರೆಗೂ ಮೊಬೈಲ್‌ಗೆ ಬಿಡುವಿರಲಿಲ್ಲ. ಎಂಜಿನ್ ಕೈಕೊಟ್ಟಿತೆಂದು ಒಬ್ಬ, ವಿಧ್ವಂಸಕ ಕೃತ್ಯವೆಂದು ಇನ್ನೊಬ್ಬ. ಎಲ್ಲರೂ ಪೈಲಟ್‌ಗಳೇ, ಕೆಲವರು ನನ್ನ ಕೈಯಲ್ಲಿ ಕಲಿತವರು. "ಸತ್ತವರ ಮನೆಯವರು ಕೇಳಿಸಿಕೊಳ್ಳುತ್ತಿರುತ್ತಾರೆ. ಊಹೆ ನಿಲ್ಲಿಸಿ. ನಿಮಗೇ ಏನಾದರೂ ಆಗಿದ್ದರೆ ಅದನ್ನು ಹೇಳಿ" ಎಂದು ಗದರಿದೆ.

ಜನವರಿಯಲ್ಲಿ ವಿಚಾರಣೆಯ ಪ್ರಾಥಮಿಕ ನಿರ್ಣಯ ಹೊರಬಂತು. ಕಣಿವೆಯ ಹವೆ ದಿಢೀರನೆ ಬದಲಾಗಿ ಹೆಲಿಕಾಪ್ಟರ್ ಮೋಡಕ್ಕೆ ಹೊಕ್ಕಿತ್ತು. ಪೈಲಟ್‌ಗೆ ದಿಕ್ಕಿನ ಭ್ರಮೆಯಾಗಿತ್ತು. ಯಂತ್ರದೋಷವಲ್ಲ, ವಿಧ್ವಂಸಕ ಕೃತ್ಯವಲ್ಲ, ನಿರ್ಲಕ್ಷ್ಯವೂ ಅಲ್ಲ.

ಆಮೇಲೆ ಆರು ಮಂದಿಯನ್ನು ಮನೆಗೆ ಕರೆದೆ. ಹಿರಿಯರು ಬಾಯಿಬಿಡದೆ ಕಿರಿಯರು ಬಿಡುವುದಿಲ್ಲವಾದ್ದರಿಂದ ನನ್ನ ತಪ್ಪನ್ನೇ ಮೊದಲು ಹೇಳಿದೆ. ಪುಷ್ಪಗಿರಿ ಬದಿಯ ಕಣಿವೆ, ಮಳೆಗಾಲದ ಬೆಳಗು. ಕೆಳಗೆ ಹೊಳೆ ಕಾಣುತ್ತಿದೆಯಲ್ಲ ಎಂಬ ಧೈರ್ಯದಲ್ಲಿ ಮುಂದುವರಿದೆ. ಇಳಿಜಾರಿನ ಸಿಲ್ವರ್ ಓಕ್ ಮರಗಳು ಒಂದೊಂದಾಗಿ ಅಳಿಸಿಹೋದವು, ಗಾಜಿನಾಚೆ ಬರೀ ಬಿಳುಪು. ನೆಟ್ಟಗೆ ಹಾರುತ್ತಿದ್ದೇನೆ ಎಂದು ಮೈ ಹೇಳುತ್ತಿತ್ತು. ಯಂತ್ರ ಎಷ್ಟು ವಾಲಿದೆ ಎಂದು ತೋರಿಸುವ ಉಪಕರಣದಲ್ಲಿ, ಕೃತಕ ದಿಗಂತದಲ್ಲಿ, ಗೆರೆ ಮಾತ್ರ ಓರೆಯಾಗಿತ್ತು. ತಿರುವು ತೀರ ನಿಧಾನವಾಗಿದ್ದರೆ, ಮೈಯ ಸಮತೋಲ ನೋಡಿಕೊಳ್ಳುವ ಒಳಕಿವಿಗೆ ಅದು ತಿಳಿಯುವುದೇ ಇಲ್ಲ. ಮೈಯ ಮಾತನ್ನು ಬಿಟ್ಟು ಗೆರೆಯನ್ನು ನಂಬಿದೆ, ಮೊದಲು ಯಂತ್ರವನ್ನು ಸಮಗೊಳಿಸಿ ನೇರವಾಗಿ ಮೇಲಕ್ಕೆ ಹತ್ತಿದೆ. ಬದುಕಿದೆ. ಹನ್ನೆರಡು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರಿಗಿಂತ ಚಿಕ್ಕವನು, "ಸರ್, ನನಗೂ ಆಗಿದೆ. ಕೆಳಗೆ ದೊಡ್ಡವರು ಕಾಯುತ್ತಿದ್ದರು, ವಾಪಸಾಗಲು ಸಂಕೋಚವಾಯಿತು" ಎಂದ. ಆ ಸಂಕೋಚಕ್ಕಿಂತ ಅಪಾಯದ ವಸ್ತು ಕಾಕ್‌ಪಿಟ್‌ನಲ್ಲಿ ಇನ್ನೊಂದಿಲ್ಲ ಎಂದೇ ಇವತ್ತಿಗೂ ನನ್ನ ನಂಬಿಕೆ.

ತೋಟದ ಲೆಕ್ಕದ ಪುಸ್ತಕವೊಂದರಲ್ಲಿ ಎಲ್ಲವನ್ನೂ ಬರೆದೆವು. ಹೆಸರಿಲ್ಲ, ತಾರೀಖಿಲ್ಲ. ಜಾಗ, ಹವೆ, ಕಂಡದ್ದು, ಮಾಡಿದ್ದು. ಕೊನೆಯ ಕಾಲಂ ಒಂದೇ ಪ್ರಶ್ನೆ: ಎಲ್ಲಿ ತಿರುಗಬೇಕಿತ್ತು? ಆರು ಮಂದಿಯ ಉತ್ತರವೂ ಮೋಡದ ಒಳಗಿರಲಿಲ್ಲ; ಅದಕ್ಕೂ ಕೆಲವು ನಿಮಿಷ ಮೊದಲು, ಮುಂದಿನ ಗುಡ್ಡದ ನೆತ್ತಿ ಮಸುಕಾದ ಜಾಗದಲ್ಲಿತ್ತು. ಹಾಗಾಗಿ ಹೊರಡುವ ಮುನ್ನವೇ ನಕ್ಷೆಯಲ್ಲಿ ಆ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಬೇಕು, ಅಲ್ಲಿಂದ ಮುಂದಿನ ಗುಡ್ಡ ಕಾಣದಿದ್ದರೆ ಚರ್ಚೆಯಿಲ್ಲದೆ ತಿರುಗಬೇಕು ಎಂದು ಒಪ್ಪಿಕೊಂಡೆವು.

ಜೂನ್‌ನಲ್ಲಿ ಆ ಹುಡುಗನ ಫೋನ್ ಬಂತು. "ಸರ್, ಮಡಿಕೇರಿ ಕಡೆಯ ಗುಡ್ಡ ಕಾಣಲಿಲ್ಲ. ಹಾರಂಗಿ ಮೇಲಿನಿಂದಲೇ ತಿರುಗಿಸಿದೆ. ಪುಸ್ತಕದಲ್ಲಿ ಬರೆದುಕೊಳ್ಳಿ."